ಟೆಂಟ್ ಇಲ್ಲದ ಸೈಕಲ್ ಟೂರ್: ನನ್ನ ಬ್ಯಾಗಿನಲ್ಲಿ ಏನಿರುತ್ತದೆ

ಮೊದಲ ಸಲ ಬೆಂಗಳೂರಿನಿಂದ ಮಂಗಳೂರಿಗೆ ಸೈಕಲ್ ತುಳಿದಾಗ ನನ್ನ ಎರಡು ಬ್ಯಾಗ್ ಸೇರಿ 14 ಕೆಜಿ ಇತ್ತು. ಟೆಂಟ್ ಇಲ್ಲ, ಒಲೆ ಇಲ್ಲ, ಹಾಸಿಗೆ ಇಲ್ಲ. ರಾತ್ರಿ ಲಾಡ್ಜ್, ಊಟಕ್ಕೆ ಹೋಟೆಲ್. ಹಾಗಿದ್ದೂ 14 ಕೆಜಿ! ನಾಲ್ಕು ಜೊತೆ ಬಟ್ಟೆ, ಒಂದು ಜೀನ್ಸ್, ಸ್ವೆಟರ್, ದಪ್ಪ ಟರ್ಕಿ ಟವೆಲ್, ಇನ್ನೊಂದು ಜೊತೆ ಶೂ, ಅಮ್ಮ ಕೊಟ್ಟ ಚಕ್ಕುಲಿ ಡಬ್ಬಿ. 'ಬೇಕಾಗಬಹುದು' ಅಂತ ತುಂಬಿಕೊಂಡದ್ದೇ ಎಲ್ಲ.

ಮೈಸೂರಿನವರೆಗೆ ಏನೂ ಅನಿಸಲಿಲ್ಲ. ಕುಶಾಲನಗರ ದಾಟಿ ಏರು ಶುರುವಾದ ಮೇಲೆ ಒಂದೊಂದು ಕೆಜಿಯೂ ತೊಡೆಗೆ ಗೊತ್ತಾಯಿತು. ಮಡಿಕೇರಿ ಸಾವಿರ ಮೀಟರ್‌ಗೂ ಮೇಲಿದೆ ಅಲ್ವಾ. ಮಾರನೇ ದಿನ ಬೆಳಿಗ್ಗೆ ಪಕ್ಕದ ಅಂಗಡಿಯಲ್ಲಿ ಒಂದು ರಟ್ಟಿನ ಡಬ್ಬ ಕೇಳಿ ತಂದೆ. ಮುಟ್ಟದೇ ಇದ್ದದ್ದನ್ನೆಲ್ಲ ಅದಕ್ಕೆ ಹಾಕಿ ಪೋಸ್ಟ್ ಆಫೀಸಿನಿಂದ ಮನೆಗೆ ಪಾರ್ಸೆಲ್ ಮಾಡಿದೆ. ಐದು ಕೆಜಿ ಹೋಯಿತು. ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಹಿಡಿದರೆ ಸೈಕಲ್ ಮಾತು ಕೇಳುತ್ತಿತ್ತು.

ಅಲ್ಲಿಂದ ಈಚೆಗೆ ಪ್ಯಾಕ್ ಮಾಡುವಾಗ ಪ್ರತಿ ವಸ್ತುವನ್ನೂ ಕೈಯಲ್ಲಿ ಹಿಡಿದು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ದಾರಿಯಲ್ಲಿ ಸಿಗುತ್ತಾ? ಸೋಪು, ಪೇಸ್ಟು, ಬಾಳೆಹಣ್ಣು, ಚಿಕ್ಕಿ, ಸೊಳ್ಳೆ ಬತ್ತಿ, ಚಪ್ಪಲಿ ಎಲ್ಲ ತಾಲ್ಲೂಕು ಊರಲ್ಲೂ ಸಿಗುತ್ತದೆ. ಸಿಗದೇ ಇರುವುದು ನನ್ನ ಸೈಕಲ್‌ನ ಸಾಮಾನು. ಅದನ್ನ ಸರಿಯಾಗಿ ಕಲಿತದ್ದು ಕುಮಟಾದಲ್ಲಿ.

ಅದು ಎರಡನೇ ಟೂರ್, ಮಂಗಳೂರಿನಿಂದ ಕಾರವಾರದವರೆಗೆ ಕರಾವಳಿ ಹಿಡಿದು. ತೂಕ ಇಳಿಸುವ ಉತ್ಸಾಹದಲ್ಲಿ ಸ್ಪೇರ್ ಟ್ಯೂಬ್ ಒಂದೇ ಇಟ್ಟಿದ್ದೆ. ಹೆದ್ದಾರಿ ಅಂಚಿನಲ್ಲಿ ಒಡೆದ ಲಾರಿ ಟೈರಿನ ಸಣ್ಣ ಸಣ್ಣ ತಂತಿ ಬಿದ್ದಿರುತ್ತದೆ. ಭಟ್ಕಳದ ಹತ್ತಿರ ಅದೇ ಚುಚ್ಚಿತು. ಟ್ಯೂಬ್ ಬದಲಿಸಿ ಹೊರಟೆ. ಕುಮಟಾ ಮುಟ್ಟುವ ಹೊತ್ತಿಗೆ ಹೊಸ ಟ್ಯೂಬಿನ ವಾಲ್ವ್ ಬುಡದಲ್ಲೇ ಹರಿದಿತ್ತು. ಅಲ್ಲಿ ಪ್ಯಾಚ್ ನಿಲ್ಲುವುದಿಲ್ಲ. ಹಳೇ ಟ್ಯೂಬಿಗೆ ಹಾಕೋಣ ಅಂದರೆ, ಸೀಳು ಉದ್ದಕ್ಕಿತ್ತು.

ಸೈಕಲ್ ಅಂಗಡಿಯ ಹಿರಿಯರು ಗಾಲಿ ತಿರುಗಿಸಿ ನೋಡಿದರು. "ಈ ಸಪೂರ ವಾಲ್ವಿನ ಟ್ಯೂಬ್ ಇಲ್ಲಿ ಸಿಗೋದಿಲ್ಲ ತಮಾ" ಅಂದರು. ಅವರ ಹತ್ತಿರ ಇದ್ದದ್ದು ಕರಿ ಸೈಕಲ್ಲಿನ ದಪ್ಪ ವಾಲ್ವಿನ ಟ್ಯೂಬುಗಳು. ನನ್ನ ರಿಮ್ಮಿನ ತೂತು ಪ್ರೆಸ್ಟಾ ಅನ್ನುವ ಈ ಸಪೂರ ವಾಲ್ವಿಗೆ ಮಾಡಿದ್ದು, ಬರೀ ಆರೂವರೆ ಮಿಲಿಮೀಟರ್. "ಅರ ಹಾಕಿ ತೂತು ದೊಡ್ಡ ಮಾಡಿಕೊಡ್ಲಾ?" ಅಂತ ಕೇಳಿದರು. ಮನಸ್ಸು ಬರಲಿಲ್ಲ. ಮಂಗಳೂರಿನ ಗೆಳೆಯನಿಗೆ ಫೋನ್ ಮಾಡಿದೆ. ಅವನು ರಾತ್ರಿ ಬಸ್ಸಿನ ಡ್ರೈವರ್ ಕೈಲಿ ಎರಡು ಟ್ಯೂಬ್ ಕಳಿಸಿದ. ಒಂದು ದಿನ ಹೋಯಿತು. ಒಂದು ಟ್ಯೂಬಿನ ತೂಕ ನೂರೈವತ್ತು ಗ್ರಾಂ ಅಷ್ಟೇ.

ಈಗ ಎರಡು ಟ್ಯೂಬ್ ಇರಲೇಬೇಕು, ಕಾಲುಚೀಲದೊಳಗೆ ಸುತ್ತಿಟ್ಟು, ಚೂಪಾದ ಯಾವುದೂ ತಾಗದ ಹಾಗೆ. ಜೊತೆಗೆ ಪ್ಯಾಚ್ ಕಿಟ್, ಎರಡು ಟೈರ್ ಲಿವರ್, ಚಿಕ್ಕ ಪಂಪ್, ಅಲೆನ್ ಕೀ, ಚೈನ್ ಕಟರ್, ತುಂಡಾದ ಚೈನ್ ಮತ್ತೆ ಜೋಡಿಸಲು ನನ್ನ ಚೈನಿಗೆ ಹೊಂದುವ ಕ್ವಿಕ್ ಲಿಂಕ್. ಹಿತ್ತಾಳೆಯ ವಾಲ್ವ್ ಅಡಾಪ್ಟರ್ ಒಂದು. ಅದಿದ್ದರೆ ಪೆಟ್ರೋಲ್ ಬಂಕ್‌ನಲ್ಲೂ ಗಾಳಿ ತುಂಬಿಸಬಹುದು. ಡಿರೇಲರ್ ಹ್ಯಾಂಗರ್ ಕೂಡ ಇಡುತ್ತೇನೆ, ಅಂದರೆ ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿದಿಡುವ ಸಣ್ಣ ಲೋಹದ ತುಂಡು. ಅದು ಫ್ರೇಮಿಗೆ ತಕ್ಕ ಹಾಗೆ ಬೇರೆ ಬೇರೆ ಇರುತ್ತದೆ, ಸೈಕಲ್ ಬಲಗಡೆಗೆ ಬಿದ್ದರೆ ಮೊದಲು ಬಗ್ಗುವುದೇ ಅದು. ಟೈರ್ ಸೀಳಿದರೆ ಒಳಗಿಂದ ಇಡಲು ಹಳೇ ಟೈರಿನ ಬೆರಳುದ್ದದ ತುಂಡು, ನಾಲ್ಕು ಜಿಪ್ ಟೈ, ಚೈನ್ ಎಣ್ಣೆ, ಒಂದು ಹಳೇ ಬನಿಯನ್. ಲಾಡ್ಜ್‌ನ ಟವೆಲ್ಲಿಗೆ ಗ್ರೀಸ್ ಒರೆಸಬೇಡಿ, ದಯವಿಟ್ಟು. ಒಬ್ಬರು ಹಾಗೆ ಮಾಡಿದರೆ ಮುಂದೆ ಬರುವವರ ಸೈಕಲ್ ಒಳಗೆ ಬಿಡುವುದಿಲ್ಲ.

ಬಟ್ಟೆ ವಿಷಯದಲ್ಲಿ ತೂಕ ತುಂಬಾ ಉಳಿಯುತ್ತದೆ. ತುಳಿಯುವುದಕ್ಕೆ ಎರಡು ಜೊತೆ, ಸಂಜೆಗೆ ಒಂದು ತೆಳು ಶರ್ಟ್ ಮತ್ತು ಲುಂಗಿ. ಲುಂಗಿಯಷ್ಟು ಉಪಯೋಗದ ಬಟ್ಟೆ ಇನ್ನೊಂದಿಲ್ಲ. ಸಂಜೆ ಉಡುವುದು ಅದೇ, ಲಾಡ್ಜ್ ಹಾಸಿಗೆ ಕೊಳೆಯಾಗಿದ್ದರೆ ಮೇಲೆ ಹಾಸುವುದೂ ಅದೇ, ಚಳಿಯಾದರೆ ಹೊದೆಯುವುದೂ ಅದೇ. ಟರ್ಕಿ ಟವೆಲ್ ಬದಲು ಪುತ್ತೂರಿನಲ್ಲಿ ಕೊಂಡ ಬೈರಾಸು, ಅಂದರೆ ತೆಳು ಹತ್ತಿಯ ಟವೆಲ್. ಒಂದು ಗಂಟೆಯಲ್ಲಿ ಒಣಗುತ್ತದೆ. ಚಳಿಗೆ ಸ್ವೆಟರ್ ಬೇಡ, ಮಳೆ ಜಾಕೆಟ್ ಸಾಕು.

ರೂಮ್ ಸೇರಿದ ತಕ್ಷಣ, ಕೂರುವುದಕ್ಕೆ ಮುಂಚೆ ಬಟ್ಟೆ ಒಗೆದುಬಿಡಬೇಕು. ಕೂತರೆ ಏಳುವುದಿಲ್ಲ. ಅರ್ಧ ಕತ್ತರಿಸಿದ ಸೋಪಿನ ಬಾರ್ ಸಾಕು. ಹಿಂಡಿದ ಮೇಲೆ ಬಟ್ಟೆಯನ್ನು ಒಣ ಬೈರಾಸಿನ ಮೇಲೆ ಹಾಸಿ, ಚಾಪೆ ಸುತ್ತಿದ ಹಾಗೆ ಸುತ್ತಿ, ಒಂದು ತುದಿ ಕಾಲಡಿ ಒತ್ತಿ ಹಿಡಿದು ಇನ್ನೊಂದು ತುದಿ ತಿರುಚುತ್ತೇನೆ. ಉಳಿದ ನೀರೆಲ್ಲ ಬೈರಾಸಿಗೆ ಇಳಿಯುತ್ತದೆ. ಮೂರು ಮೀಟರ್ ನೈಲಾನ್ ಹಗ್ಗ ಕಿಟಕಿಯಿಂದ ಬಾಗಿಲ ಚಿಲಕಕ್ಕೆ ಕಟ್ಟಿ ಫ್ಯಾನ್ ಜೋರು ಮಾಡುವುದು. ಪ್ಯಾಡ್ ಇರುವ ಚಡ್ಡಿಯನ್ನು ಒಳಗು ಹೊರಗು ಮಾಡಿ ಪ್ಯಾಡ್ ಫ್ಯಾನಿನ ಕಡೆಗೆ ತಿರುಗಿಸಿ. ಮೈಸೂರು ಕಡೆ ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ. ಕರಾವಳಿಯ ಗಾಳಿಯಲ್ಲಿ ಒಣಗುವುದಿಲ್ಲ. ಆಗ ಬ್ಯಾಗಿನ ಮೇಲೆ ರಬ್ಬರ್ ಹಗ್ಗದಿಂದ ಕಟ್ಟಿಕೊಂಡು ಹೊರಡುವುದು, ಹತ್ತು ಗಂಟೆ ಬಿಸಿಲಿಗೆ ಗರಿಗರಿ. ಒದ್ದೆ ಪ್ಯಾಡ್ ಮಾತ್ರ ಹಾಕಬೇಡಿ. ತೊಡೆ ಸಂದಿ ಉಜ್ಜಿ ಹುಣ್ಣಾದರೆ ಟೂರ್ ಅಲ್ಲಿಗೇ ಮುಗಿಯುತ್ತದೆ. ಮುನ್ನೆಚ್ಚರಿಕೆಗೆ ಬೆಳಿಗ್ಗೆ ವ್ಯಾಸಲೀನ್.

ಉಳಿದದ್ದು ಸ್ವಲ್ಪವೇ. ಆಧಾರ್ ಮತ್ತು ಅದರ ನಾಲ್ಕು ಜೆರಾಕ್ಸ್, ಲಾಡ್ಜ್‌ನಲ್ಲಿ ಕೇಳುತ್ತಾರೆ. ಎರಡು ಕಡೆ ಬೇರೆ ಬೇರೆ ಇಟ್ಟ ಚಿಲ್ಲರೆ ನೋಟು. ಒಂದೇ ಚಾರ್ಜರ್, ಪವರ್ ಬ್ಯಾಂಕ್. ಮುಂದೆ ಬಿಳಿ, ಹಿಂದೆ ಕೆಂಪು ಲೈಟ್. ಓಆರ್‌ಎಸ್ ಪೊಟ್ಟಣ, ಬ್ಯಾಂಡೇಜ್, ನನ್ನ ಮಾತ್ರೆ. ಒಂದು ಬೀಗ, ಕೆಲವು ಲಾಡ್ಜ್ ಬಾಗಿಲಿಗೂ ಬೇಕಾಗುತ್ತದೆ. ಇದೆಲ್ಲ ಕ್ಯಾರಿಯರ್ ಬ್ಯಾಗಿಗೇ, ಬೆನ್ನಿಗೆ ಏನೂ ಹಾಕಿಕೊಳ್ಳುವುದಿಲ್ಲ. ಬ್ಯಾಗಿನೊಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇರಲಿ, ಮಳೆಗೆ ಅದೇ ಗ್ಯಾರಂಟಿ.

ಈಗ ಎಲ್ಲ ಸೇರಿ ಆರೂವರೆ ಕೆಜಿ, ನೀರು ಬಿಟ್ಟು. ಮಧ್ಯಾಹ್ನ ಊಟಕ್ಕೆ ನಿಂತಾಗ ಮುಂದಿನ ಊರಿನ ಲಾಡ್ಜ್‌ಗೆ ಫೋನ್ ಮಾಡಿ ಕೇಳುವುದು ಒಂದೇ ಮಾತು: "ಸೈಕಲ್ ರೂಮಿನ ಒಳಗೆ ಇಟ್ಕೋಬಹುದಾ ಅಣ್ಣ?" ಹೂಂ ಅಂದರೆ ಆ ರಾತ್ರಿ ಬ್ಯಾಗ್ ಬಿಚ್ಚಿ ಮೇಲೆ ಹೊರುವ ಕೆಲಸವೂ ಇಲ್ಲ.