ಕರಗುವ ಮಲ್ಚಿಂಗ್ ಪೇಪರ್: ಎಲ್ಲಿ ಕರಗಿತು, ಎಲ್ಲಿ ಉಳಿಯಿತು

ಕೋಲಾರದ ಕಡೆ ಟೊಮೆಟೊ ಹಾಕುವವರಿಗೆ ಮಲ್ಚಿಂಗ್ ಪೇಪರ್, ಅಂದರೆ ಗಿಡದ ಸಾಲಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಕಳೆ ಕಮ್ಮಿ, ನೀರೂ ಉಳಿಯುತ್ತೆ. ತಲೆನೋವು ಶುರುವಾಗುವುದು ಕೊಯ್ಲು ಮುಗಿದ ಮೇಲೆ. 25 ಮೈಕ್ರಾನ್ ಹಾಳೆ ಐದು ತಿಂಗಳ ಬಿಸಿಲಿಗೆ ಲಡ್ಡಾಗಿರುತ್ತೆ. ಎಳೆದರೆ ಅರ್ಧ ಕೈಗೆ ಬರುತ್ತೆ, ಇನ್ನರ್ಧ ಮಣ್ಣಲ್ಲೇ. ಅದರ ಮೇಲೆ ರೊಟವೇಟರ್ ಓಡಿಸಿದರೆ ಮುಗಿಯಿತು, ಎಲ್ಲ ಚೂರು ಚೂರು. ಕಿತ್ತದ್ದನ್ನು ಬದುವಿನ ಮೇಲೆ ಹಾಕಿ ಸುಡುತ್ತೇವೆ. ನಾನೂ ಸುಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಮೊದಲ ಸಲ ಒಂದು ಅಂಗಡಿಯಲ್ಲಿ 'ತಾನೇ ಕರಗುತ್ತೆ' ಎಂದು ಕೊಟ್ಟ ರೋಲ್ ತಂದೆ. ಬೆಲೆಯೂ ಅಷ್ಟೇನೂ ಜಾಸ್ತಿ ಇರಲಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು. ಮೂರು ತಿಂಗಳಿಗೆ ಹಾಳೆ ಪುಡಿಯಾಯಿತು. ಖುಷಿಪಟ್ಟೆ. ಮುಂದಿನ ರಾಗಿಗೆ ಉಳುವಾಗ ನೋಡಿದರೆ ಕೆಂಪು ಮಣ್ಣಲ್ಲಿ ಉಗುರಿನಷ್ಟಗಲದ ಕಪ್ಪು ಚೂರುಗಳು. ಅದು ಆಕ್ಸೋ ಪ್ಲಾಸ್ಟಿಕ್ ಎಂದು ಆಮೇಲೆ ತಿಳಿಯಿತು. ಮಾಮೂಲಿ ಪಾಲಿಥೀನ್‌ಗೆ ಲೋಹದ ಲವಣ ಸೇರಿಸಿದರೆ ಬಿಸಿಲಿಗೆ ಬೇಗ ಒಡೆಯುತ್ತೆ. ಒಡೆಯುತ್ತೆ ಅಷ್ಟೇ, ಕೊಳೆಯುವುದಿಲ್ಲ. ಯುರೋಪ್ ಒಕ್ಕೂಟ 2021ರಿಂದ ಅದನ್ನು ಮಾರುವುದನ್ನೇ ನಿಲ್ಲಿಸಿದೆ. ಮಾಮೂಲಿ ಪೇಪರಾದರೆ ಕೈಯಲ್ಲಾದರೂ ಆರಿಸಬಹುದಿತ್ತು, ಅಲ್ವಾ?

ಎರಡನೇ ಸಲ ಹತ್ತು ಗುಂಟೆಗೆ ಮಾತ್ರ, ಪಿಬಿಎಟಿ ಎನ್ನುವ ಕೊಳೆಯುವ ಪ್ಲಾಸ್ಟಿಕ್ ಮತ್ತು ಪಿಷ್ಟ ಸೇರಿಸಿ ಮಾಡಿದ ತೆಳು ಹಾಳೆ ತಂದೆ. ದುಡ್ಡು ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ಈ ಸಲ ನಂಬಿ ಕೂರಲಿಲ್ಲ. ಗೇಣುದ್ದದ ತುಂಡುಗಳನ್ನು ಕತ್ತರಿಸಿ, ಈರುಳ್ಳಿ ಬಲೆಚೀಲಕ್ಕೆ ಹಾಕಿ, ಮೂರು ಕಡೆ ಹೂತಿಟ್ಟೆ. ತಿಪ್ಪೆಯಲ್ಲಿ ಒಂದು, ಡ್ರಿಪ್ ಪೈಪಿನ ಪಕ್ಕ ಒಂದು, ನೀರು ಕಾಣದ ಬದುವಿನಲ್ಲಿ ಒಂದು. ಮನೆಯಲ್ಲಿ ನಡೆದ ಒಂದು ಫಂಕ್ಷನ್‌ನಲ್ಲಿ ಮಿಕ್ಕಿದ್ದ 'ಜೋಳದ ಲೋಟ'ವನ್ನೂ ಸುಮ್ನೆ ತಿಪ್ಪೆಗೆ ಸೇರಿಸಿದೆ.

ಎರಡು ತಿಂಗಳಿಗೆ ತಿಪ್ಪೆಯಲ್ಲಿದ್ದ ಹಾಳೆ ಹುಡುಕಿದರೂ ಸಿಗಲಿಲ್ಲ. ಡ್ರಿಪ್ ಪಕ್ಕದ್ದು ಆರು ತಿಂಗಳಿಗೆ ಜರಡಿ ಥರ ತೂತು ಬಿದ್ದಿತ್ತು. ಬದುವಿನದ್ದು ಹೂತಾಗ ಹೇಗಿತ್ತೋ ಹಾಗೇ. ಲೋಟ ಅಂತೂ ತೊಳೆದರೆ ಮತ್ತೆ ಕಾಫಿ ಕುಡಿಯಬಹುದಿತ್ತು!

ಕಾರಣ ಇಷ್ಟೇ. ಹಾಳೆಯನ್ನು ತಿನ್ನುವುದು ಮಣ್ಣಿನ ಸೂಕ್ಷ್ಮಜೀವಿಗಳು, ಅವಕ್ಕೆ ತೇವ ಬೇಕು, ಗಾಳಿ ಬೇಕು. ಲೋಟ ಪಿಎಲ್ಎ, ಅಂದರೆ ಮೆಕ್ಕೆಜೋಳದಂಥ ಬೆಳೆಯಿಂದ ಮಾಡುವ ಪ್ಲಾಸ್ಟಿಕ್, ಅದಕ್ಕೆ ಜೊತೆಗೆ ಬಿಸಿಯೂ ಬೇಕು. 'ಕಾಂಪೋಸ್ಟ್ ಆಗುತ್ತೆ' ಎಂದು ಪರೀಕ್ಷೆ ಮಾಡುವುದು ಸುಮಾರು 58 ಡಿಗ್ರಿಯಲ್ಲಿ. ನಮ್ಮ ತಿಪ್ಪೆ ಅಷ್ಟು ಕಾಯುವುದಿಲ್ಲ. ಹೊಲಕ್ಕೆ ಹಾಸುವ ಹಾಳೆಗೆ ಯುರೋಪಿನಲ್ಲಿ ಬೇರೆಯದೇ ಮಾನದಂಡ ಇದೆ, ಇಎನ್ 17033. ಸುಮಾರು 25 ಡಿಗ್ರಿಯ ಮಣ್ಣಲ್ಲಿ ಎರಡು ವರ್ಷದೊಳಗೆ ನೂರಕ್ಕೆ 90 ಭಾಗ ಕರಗಬೇಕು. ಎರಡು ವರ್ಷ! ಅಷ್ಟರಲ್ಲಿ ನಮ್ಮಲ್ಲಿ ನಾಲ್ಕು ಬೆಳೆ ಆಗಿರುತ್ತೆ. ಈಗ ನಾನು ಅಂಗಡಿಯಲ್ಲಿ ಕರಗುತ್ತಾ ಎಂದು ಕೇಳುವುದಿಲ್ಲ. ಎಲ್ಲಿ, ಎಷ್ಟು ದಿನಕ್ಕೆ ಎಂದು ಕೇಳುತ್ತೇನೆ. ಬಹಳ ಸಲ ಉತ್ತರ ಬರುವುದಿಲ್ಲ.

ಹೊಲದಲ್ಲೂ ಅದೇ ಕಥೆ. ಮಣ್ಣು ಮುಚ್ಚಿದ್ದ ಅಂಚು ಐವತ್ತು ದಿನಕ್ಕೇ ಕೊಳೆತು, ಗಾಳಿಗೆ ಹಾಳೆ ಹಾರತೊಡಗಿತು. ಅಲ್ಲಲ್ಲಿ ಮಣ್ಣು ಎಳೆದು ಮುಚ್ಚಿದೆವು. ಕೊನೆಯಲ್ಲಿ ಕೀಳುವ ಕೂಲಿ ಉಳಿಯಿತು, ಆದರೆ ಹಾಳೆಗೆ ಕೊಟ್ಟ ಹೆಚ್ಚಿನ ದುಡ್ಡು ಪೂರ್ತಿ ವಾಪಸ್ ಬರಲಿಲ್ಲ. "ಅಣ್ಣಾ, ಈ ಸಲ ಪೇಪರ್ ಕೀಳೋ ಕೆಲಸ ಇಲ್ವಾ?" ಎಂದು ಕೂಲಿಗೆ ಬರುವ ಅಕ್ಕ ಕೇಳಿದಾಗ ಏನು ಹೇಳಬೇಕೋ ತೋಚಲಿಲ್ಲ.

ಇನ್ನೊಂದು ಮಾತು. ಪಿಬಿಎಟಿ ಸಾಮಾನ್ಯವಾಗಿ ಪೆಟ್ರೋಲಿಯಂನಿಂದಲೇ ಬರುವುದು. ಕರಗುವುದೆಲ್ಲ ಗಿಡದಿಂದ ಬಂದದ್ದಲ್ಲ.

ಒಂದು ಸಾಲಿಗೆ ಶ್ರೀನಿವಾಸಪುರದ ಕಡೆಯಿಂದ ತಂದ ಮಾವಿನ ತರಗೆಲೆ ಹಾಸಿಯೂ ನೋಡಿದೆ. ರಾಗಿ ಹುಲ್ಲು ಹಾಸೋಣ ಎಂದರೆ ದನಕ್ಕೇ ಸಾಲದು. ತರಗೆಲೆಗೆ ಗೆದ್ದಲು ಬಂತು, ಆದರೂ ತೇವ ಚೆನ್ನಾಗಿ ನಿಂತಿತು. ಈ ಸಲ ಮೂರು ಸಾಲಿಗೆ ಹಾಕುತ್ತೇನೆ. ಡ್ರಿಪ್ ಚೆನ್ನಾಗಿರುವ ಕಡೆ ಕರಗುವ ಹಾಳೆ, ಒಣ ಕಡೆ ಮಾಮೂಲಿ ಪೇಪರೇ, ಆದರೆ ಲಡ್ಡಾಗುವ ಮುಂಚೆ ಕಿತ್ತು ಗುಜರಿಗೆ. ಗಿಡ ಕಟ್ಟುವ ಪ್ಲಾಸ್ಟಿಕ್ ದಾರದ ಬದಲು ಸೆಣಬಿನ ದಾರ ಈಗಾಗಲೇ ತಂದಿಟ್ಟಿದ್ದೇನೆ. ಮಳೆಗೆ ತಡೆಯುತ್ತೋ ಇಲ್ಲವೋ ನೋಡಬೇಕು.