ಮೊದಲು ಗರ್ಭಕೋಶ, ಆಮೇಲೆ ಭ್ರೂಣ

ನನಗಿರುವ ಕಾಯಿಲೆಯ ಹೆಸರು ಅಡೆನೊಮಯೋಸಿಸ್. ಅದನ್ನು ಹತೋಟಿಯಲ್ಲಿಡುವ ಹಾರ್ಮೋನ್ ಮಾತ್ರೆ ನುಂಗುತ್ತಿದ್ದರೆ ಬಸಿರಾಗುವಂತಿಲ್ಲ; ಬಸಿರಿಗಾಗಿ ಕೊಡುವ ಹಾರ್ಮೋನ್ ಕಾಯಿಲೆಯನ್ನೇ ಕೆರಳಿಸುತ್ತದೆ. ಅಂಡಾಣು ಹೊರತೆಗೆದು, ಪ್ರಯೋಗಾಲಯದಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಬಿಡುವ ಐವಿಎಫ್ ಚಿಕಿತ್ಸೆ ನಡೆದಷ್ಟೂ ಕಾಲ ನಾನು ಈ ಇಕ್ಕಟ್ಟಿನಲ್ಲಿಯೇ ಇದ್ದೆ. ದಾವಣಗೆರೆಯಲ್ಲಿ ಮಕ್ಕಳಾಗದ ಚಿಂತೆಯನ್ನು ನಾಲ್ಕು ಜನರ ಮುಂದೆ ಹೇಗೋ ಹೇಳಿಕೊಳ್ಳಬಹುದು. ಮುಟ್ಟಿನ ನೋವನ್ನು ಹಾಗೆ ಹೇಳಿಕೊಳ್ಳುವವರು ಕಡಿಮೆ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಗರ್ಭಕೋಶದ ಒಳಪದರ ಪ್ರತಿ ತಿಂಗಳು ಬೆಳೆದು, ಮುಟ್ಟಿನಲ್ಲಿ ಕಳಚಿ ಹೋಗುತ್ತದೆ. ಅಡೆನೊಮಯೋಸಿಸ್ ಇದ್ದವರಲ್ಲಿ ಅದೇ ಬಗೆಯ ಅಂಗಾಂಶ ಗರ್ಭಕೋಶದ ಸ್ನಾಯುವಿನೊಳಗೂ ಬೆಳೆದಿರುತ್ತದೆ. ಮಳೆಗಾಲದಲ್ಲಿ ಮಣ್ಣಿನ ಗೋಡೆಗೆ ತೇವ ಹಿಡಿದ ಹಾಗೆ, ಎಲ್ಲಿಂದ ಎಲ್ಲಿಯವರೆಗೆ ಎಂದು ಗೆರೆ ಎಳೆಯಲಾಗದು. ಫೈಬ್ರಾಯ್ಡ್ ಗಡ್ಡೆಯನ್ನು ಬಿಡಿಸಿ ತೆಗೆಯುವಷ್ಟು ಸಲೀಸಾಗಿ ಇದನ್ನು ತೆಗೆಯಲು ಬರುವುದಿಲ್ಲ. ಗೋಡೆ ದಪ್ಪವಾಗುತ್ತದೆ, ಸ್ರಾವ ಹೆಚ್ಚುತ್ತದೆ, ನೋವು ಸೊಂಟದಿಂದ ತೊಡೆಗೆ ಇಳಿಯುತ್ತದೆ.

ನಾನು ಪತ್ತಿನ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. ಮುಟ್ಟಿನ ಎರಡನೆಯ ದಿನ ಕುರ್ಚಿಯಿಂದ ಏಳುವ ಮುನ್ನ ಹಿಂದೆ ಯಾರಿದ್ದಾರೆಂದು ನೋಡಿಕೊಂಡು, ಸೆರಗನ್ನು ಸೊಂಟದ ಸುತ್ತ ಎಳೆದುಕೊಂಡೇ ಏಳುತ್ತಿದ್ದೆ. "ಹೆಣ್ಣೆಂದ ಮೇಲೆ ಹೊಟ್ಟೆನೋವು ಇದ್ದದ್ದೇ ಬಿಡಮ್ಮ" ಎನ್ನುತ್ತಿದ್ದರು ಅತ್ತೆ. ಅವರ ಕಾಲದಲ್ಲಿ ಅವರಿಗೂ ಹಾಗೆಯೇ ಹೇಳಿ ಸುಮ್ಮನಾಗಿಸಿದ್ದರು. ಹೆಂಗಸರಿಗೆ 12 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ ನನಗೆ 8ಕ್ಕೆ ಇಳಿದಿತ್ತು. ನಮ್ಮ ಕಡೆ "ಗರ್ಭಕೋಶ ತೆಗೆಸಿಬಿಡು, ತಲೆನೋವೇ ಇರುವುದಿಲ್ಲ" ಎಂಬ ಸಲಹೆ ಬಲು ಬೇಗ ಸಿಗುತ್ತದೆ. ಇನ್ನೂ ಮಗುವಾಗದವಳಿಗೂ ಆ ಮಾತು ಹೇಳುತ್ತಾರೆ. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಮೊದಲು ಹೋದ ಕಡೆ ಎಲ್ಲರ ಗಮನ ಅಂಡಾಣುಗಳ ಮೇಲಿತ್ತು. ಅಂಡಾಣುಗಳ ದಾಸ್ತಾನು ಅಂದಾಜಿಸುವ ಎಎಂಎಚ್ ರಕ್ತ ಪರೀಕ್ಷೆ, ಗಂಡನ ವೀರ್ಯ ಪರೀಕ್ಷೆ, ಚುಚ್ಚುಮದ್ದು, ಅಂಡಾಣು ತೆಗೆಯುವುದು ಎಲ್ಲವೂ ಚುರುಕಾಗಿ ನಡೆದವು. ಅದೇ ತಿಂಗಳು ಭ್ರೂಣವನ್ನು ಗರ್ಭಕೋಶಕ್ಕೆ ಬಿಟ್ಟರು. ಅದು ನಿಲ್ಲಲಿಲ್ಲ. ಆಮೇಲೆ ಬಂದ ಮುಟ್ಟಿನಷ್ಟು ಕೆಟ್ಟ ಮುಟ್ಟನ್ನು ನಾನು ಕಂಡಿಲ್ಲ. "ಭ್ರೂಣ ಚೆನ್ನಾಗಿತ್ತು, ಅದೃಷ್ಟ ಕೂಡಿಬರಲಿಲ್ಲ" ಎಂದರು. ಗರ್ಭಕೋಶದ ಮಾತನ್ನು ಯಾರೂ ಎತ್ತಲಿಲ್ಲ.

ಎರಡನೆಯ ಅಭಿಪ್ರಾಯಕ್ಕೆ ಬೆಂಗಳೂರಿಗೆ ಹೋದೆವು. ಆ ವೈದ್ಯೆ ಮೊದಲು ಕೇಳಿದ್ದು ನೋವಿನ ಬಗ್ಗೆ: ಯಾವ ದಿನ ಶುರುವಾಗುತ್ತದೆ, ಮಾತ್ರೆಗೆ ಬಗ್ಗುತ್ತದೆಯೇ, ರಾತ್ರಿ ಎಷ್ಟು ಸಲ ಪ್ಯಾಡ್ ಬದಲಿಸುತ್ತೀರಿ. ಲೆಕ್ಕ ಬರೆಯುವ ಅಭ್ಯಾಸದಿಂದ ಅದೆಲ್ಲ ನನ್ನ ನೋಟ್‌ಬುಕ್‌ನಲ್ಲಿ ತಾರೀಖಿನ ಸಮೇತ ಇತ್ತು. ಅವರು ಪುಟ ತಿರುವಿ ನಿಧಾನವಾಗಿ ಓದಿದರು. ಎಂಆರ್‌ಐ ಮಾಡಿಸಿದ ಮೇಲೆ ಕ್ರಮವನ್ನೇ ಬದಲಿಸಿದರು. ಮೊದಲು ರಕ್ತ ಹೆಚ್ಚಿಸುವುದು, ಆಮೇಲೆ ಅಂಡಾಣು ತೆಗೆದು ಭ್ರೂಣ ಮಾಡಿ ಶೈತ್ಯೀಕರಿಸಿ ಇಡುವುದು, ಔಷಧ ಕೊಟ್ಟು ಕೆರಳಿದ ಗರ್ಭಕೋಶವನ್ನು ತಣ್ಣಗಾಗಿಸುವುದು, ಕೊನೆಗೆ ಭ್ರೂಣ ಬಿಡುವುದು. ಭ್ರೂಣ ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿರುತ್ತದೆ, ಕೆಡುವುದಿಲ್ಲ, ಗಾಬರಿಯಾಗಬೇಡಿ ಎಂದರು. ಗರ್ಭಕೋಶ ತಣ್ಣಗಾದರೆ ಭ್ರೂಣ ನಿಂತೇ ನಿಲ್ಲುತ್ತದೆಂಬ ಭರವಸೆಯನ್ನು ಮಾತ್ರ ಅವರು ಕೊಡಲಿಲ್ಲ. ಆ ನೇರ ಮಾತಿನಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು.

ಬೆಂಗಳೂರು ನಮಗೆ ಸುಮಾರು 260 ಕಿಲೋಮೀಟರ್. ಪ್ರತಿ ಸ್ಕ್ಯಾನಿಂಗ್‌ಗೂ ರೈಲು ಹತ್ತಿದ್ದರೆ ಕೆಲಸ ಉಳಿಯುತ್ತಿರಲಿಲ್ಲ. ಕೇಳಿ ನೋಡಿದೆ, ವೈದ್ಯೆ ಒಪ್ಪಿದರು. ಕಬ್ಬಿಣಾಂಶದ ಡ್ರಿಪ್ ದಾವಣಗೆರೆಯಲ್ಲೇ ಹಾಕಿಸಿಕೊಂಡೆ. ನಡುವಿನ ಸ್ಕ್ಯಾನಿಂಗ್‌ಗಳನ್ನೂ ಇಲ್ಲಿಯೇ ಮಾಡಿಸಿ, ಅಂಡಾಣು ಬೆಳೆಯುವ ಕೋಶಗಳ ಅಳತೆ ಮತ್ತು ಗರ್ಭಕೋಶದ ಒಳಪದರದ ದಪ್ಪವನ್ನು ಮಿಲಿಮೀಟರ್‌ನಲ್ಲಿ ಬರೆಸಿಕೊಂಡು ಮೊಬೈಲ್‌ನಲ್ಲಿ ಕಳುಹಿಸುತ್ತಿದ್ದೆ. ಹೊರ ಊರಿನಲ್ಲಿ ಚಿಕಿತ್ಸೆ ಪಡೆಯುವವರು ಇದನ್ನು ಮೊದಲ ಭೇಟಿಯಲ್ಲೇ ಕೇಳಿಕೊಳ್ಳಿ. ಆ ಕ್ಲಿನಿಕ್ 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಗರ್ಭಕೋಶವನ್ನು ತಣ್ಣಗಾಗಿಸಲು ಕೊಟ್ಟದ್ದು ಲ್ಯೂಪ್ರೊಲೈಡ್ 3.75 ಮಿಲಿಗ್ರಾಂ, ತಿಂಗಳಿಗೊಂದು ಚುಚ್ಚುಮದ್ದು. ಅದು ಅಂಡಾಶಯದ ಕೆಲಸವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಒಳಪದರ ಬೆಳೆಸುವ ಈಸ್ಟ್ರೋಜನ್ ಹಾರ್ಮೋನನ್ನು ಇಳಿಸುತ್ತದೆ. ಮುಟ್ಟು ನಿಂತ ಹೆಂಗಸಿನ ಸ್ಥಿತಿ ಕೆಲವು ತಿಂಗಳ ಮಟ್ಟಿಗೆ ಬರುತ್ತದೆ. ನನಗೆ ಅದು ಬಂದದ್ದು ಬೇಸಿಗೆಯಲ್ಲಿ. ದಾವಣಗೆರೆಯ ಏಪ್ರಿಲ್ ಬಿಸಿಲು ಹೊರಗೆ, ಎದೆಯಿಂದ ಮುಖಕ್ಕೆ ಏರುವ ಝಳ ಒಳಗೆ. ಹಣ ಎಣಿಸುತ್ತಿದ್ದಾಗ ನೋಟಿನ ಮೇಲೆ ಬೆವರು ಹನಿಯುತ್ತಿತ್ತು. ರಾತ್ರಿ ನಿದ್ದೆಯಿಲ್ಲ, ಸಣ್ಣ ಮಾತಿಗೂ ಅಳು. ಮನೆಯವರಿಗೆ ಇದು ಔಷಧದ ಪರಿಣಾಮವೆಂದು ಮೊದಲೇ ಹೇಳಿಟ್ಟಿದ್ದರಿಂದ ತುಂಬ ಉಪಕಾರವಾಯಿತು. ಮೂಳೆ ಸವೆಯದಿರಲು ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟಿದ್ದರು. ಇಷ್ಟರ ನಡುವೆಯೂ ಒಂದು ಸುಖವಿತ್ತು: ಮದುವೆಯಾದಂದಿನಿಂದ ಮೊದಲ ಬಾರಿ ತಿಂಗಳಿಡೀ ನೋವಿರಲಿಲ್ಲ. ನೋವಿಲ್ಲದ ಮೈ ಹೇಗಿರುತ್ತದೆಂಬುದೇ ನನಗೆ ಮರೆತುಹೋಗಿತ್ತು.

ಆಮೇಲೆ ಈಸ್ಟ್ರೋಜನ್ ಮಾತ್ರೆಯಿಂದ ಒಳಪದರ ಬೆಳೆಸಿ, ಅದು 7 ಮಿಲಿಮೀಟರ್ ದಾಟಿದ ಮೇಲೆ ಒಳಪದರವನ್ನು ಭ್ರೂಣಕ್ಕೆ ಅಣಿಮಾಡುವ ಪ್ರೊಜೆಸ್ಟರಾನ್ ಹಾರ್ಮೋನ್ ಶುರು ಮಾಡಿದರು. ಐದು ದಿನ ಬೆಳೆದ ಒಂದೇ ಭ್ರೂಣ ಬಿಟ್ಟರು. ಅರಿವಳಿಕೆ ಬೇಕಾಗಲಿಲ್ಲ, ಮೂತ್ರಕೋಶ ತುಂಬಿಕೊಂಡು ಮಲಗಿದ್ದೆ, ಕೆಲವೇ ನಿಮಿಷದಲ್ಲಿ ಮುಗಿಯಿತು. ಹಾಸಿಗೆ ಬಿಟ್ಟು ಏಳಬಾರದೆಂದು ನೆರೆಹೊರೆಯವರೆಲ್ಲ ಹೇಳಿದರು. ಮಲಗಿದ್ದರಿಂದ ಭ್ರೂಣ ಹೆಚ್ಚು ನಿಲ್ಲುತ್ತದೆಂಬುದಕ್ಕೆ ಆಧಾರವಿಲ್ಲ, ಓಡಾಡಿಕೊಂಡಿರಿ ಎಂದರು ವೈದ್ಯೆ. ಪ್ರೊಜೆಸ್ಟರಾನ್ ಎಣ್ಣೆ ಚುಚ್ಚುಮದ್ದಿನಿಂದ ಸೊಂಟದ ಕೆಳಗೆ ಎರಡೂ ಕಡೆ ಗಂಟು ಕಟ್ಟಿ, ಕೂರುವುದೇ ಕಷ್ಟವಾಗಿತ್ತು. ಬಸಿರು ನಿಂತಿದೆಯೇ ಎಂದು ತಿಳಿಸುವ ಬೀಟಾ ಎಚ್‌ಸಿಜಿ ರಕ್ತ ಪರೀಕ್ಷೆಯ ವರದಿಯನ್ನು ಗಂಡ ಜೋರಾಗಿ ಓದಲಾಗದೆ ಮೊಬೈಲನ್ನು ನನ್ನ ಕೈಗೇ ಕೊಟ್ಟರು. ಬಸಿರು ನಿಂತಿತ್ತು.

ಅಡೆನೊಮಯೋಸಿಸ್ ಇದ್ದವರಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ಹೆಚ್ಚು. ನಮ್ಮ ಮಗಳೂ 36ನೇ ವಾರದಲ್ಲಿ ಸಿಸೇರಿಯನ್ ಮೂಲಕ ಹುಟ್ಟಿದಳು. ಆರೋಗ್ಯವಾಗಿದ್ದಾಳೆ.

ಕಾಯಿಲೆ ಮಾತ್ರ ಹೋಗಿಲ್ಲ. ಹಾಲು ಬಿಡಿಸಿದ ಮೇಲೆ ನೋವು ಮತ್ತೆ ಬಂತು. ಈಗ ಗರ್ಭಕೋಶದೊಳಗೆ ಇಡುವ, ಹಾರ್ಮೋನ್ ಇರುವ ವಂಕಿ ಹಾಕಿಸಿಕೊಂಡಿದ್ದೇನೆ, ಸ್ರಾವ ಅರ್ಧಕ್ಕಿಂತ ಕಡಿಮೆಯಾಗಿದೆ. ಉಳಿದ ಭ್ರೂಣಗಳಿಗೆ ವರ್ಷಕ್ಕೊಮ್ಮೆ ಸಂಗ್ರಹ ಶುಲ್ಕ ಕಟ್ಟುತ್ತಿದ್ದೇವೆ. ಕಾಯ್ದೆಯಂತೆ 10 ವರ್ಷದವರೆಗೆ ಇಡಬಹುದು. ಇನ್ನೊಂದು ಮಗುವಿನ ಮಾತು ಬಂದರೆ ವಂಕಿ ತೆಗೆಸಿ, ಹಿಮೋಗ್ಲೋಬಿನ್ ನೋಡಿಸಿಕೊಂಡು, ಮತ್ತೆ ಎಂಆರ್‌ಐಯಿಂದಲೇ ಶುರು ಮಾಡುವುದೆಂದು ಗಂಡ ಹೆಂಡತಿ ಇಬ್ಬರೂ ತೀರ್ಮಾನಿಸಿದ್ದೇವೆ.