ಇಂಗ್ಲೆಂಡಿನ ವಿಜ್ಞಾನ ತರಗತಿ: ಪೋಷಕರಿಗೂ ಶಿಕ್ಷಕರಾಗಬಯಸುವವರಿಗೂ ಒಂದು ಪರಿಚಯ

ಇಂಗ್ಲೆಂಡಿಗೆ ಬಂದು ನೆಲೆಸಿದ ಕನ್ನಡಿಗ ತಂದೆತಾಯಂದಿರು ಮಕ್ಕಳ ವಿಜ್ಞಾನದ ಪುಸ್ತಕ ತೆರೆದಾಗ ಆತಂಕಪಡುವುದು ಸಹಜ. ನೋಟ್ಸ್ ಕಡಿಮೆ, ಬಾಯಿಪಾಠವಂತೂ ಅಪರೂಪ. ಹನ್ನೆರಡರ ಹರೆಯದ ಮಗು ಊರಿನಲ್ಲಿರುವ ಸೋದರಸಂಬಂಧಿಗಿಂತ ಹಿಂದುಳಿದಂತೆ ಕಾಣುತ್ತದೆ. ಈ ನಿಧಾನಕ್ಕೆ ಕಾರಣವೇನು, ಅದರ ಹಿಂದಿರುವ ಸಂಶೋಧನೆ ಯಾವುದು, ಅದು ಶಿಕ್ಷಕರ ತರಬೇತಿಯ ಮೂಲಕ ತರಗತಿಯನ್ನು ಹೇಗೆ ಮುಟ್ಟುತ್ತದೆ ಎಂಬುದು ತಿಳಿದರೆ ಶಾಲೆಯೊಂದಿಗೆ ಮಾತನಾಡುವುದು ಸುಲಭವಾಗುತ್ತದೆ. ಇಲ್ಲಿ ಹೇಳುವುದು ಇಂಗ್ಲೆಂಡಿಗೆ ಮಾತ್ರ ಅನ್ವಯಿಸುತ್ತದೆ. ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡಿನ ವ್ಯವಸ್ಥೆಗಳು ಬೇರೆ.

1988ರ ಶಿಕ್ಷಣ ಸುಧಾರಣಾ ಕಾಯ್ದೆಯ ನಂತರ ಜಾರಿಗೆ ಬಂದ ರಾಷ್ಟ್ರೀಯ ಪಠ್ಯಕ್ರಮದಲ್ಲಿ, ಐದರಿಂದ ಹದಿನಾರು ವರ್ಷದವರೆಗಿನ ಮಕ್ಕಳಿಗೆ ವಿಜ್ಞಾನ ಕಡ್ಡಾಯ ವಿಷಯವಾಯಿತು. ಅದೇ ದಶಕದಲ್ಲಿ ಲೀಡ್ಸ್ ವಿಶ್ವವಿದ್ಯಾಲಯದ ರೋಸಲಿಂಡ್ ಡ್ರೈವರ್ ಮತ್ತು ಅವರ ತಂಡದವರು, ಪಾಠ ಕೇಳುವ ಮೊದಲೇ ಮಕ್ಕಳ ತಲೆಯಲ್ಲಿ ಬೆಳಕು, ಬಲ, ಶಾಖ, ಸಸ್ಯಗಳ ಪೋಷಣೆ ಮುಂತಾದವುಗಳ ಬಗ್ಗೆ ಎಂತಹ ಕಲ್ಪನೆಗಳು ಬೇರೂರಿರುತ್ತವೆ ಎಂಬುದನ್ನು ವ್ಯವಸ್ಥಿತವಾಗಿ ಅಧ್ಯಯನ ಮಾಡಿದರು. ಸರಿಯಾದ ವಿವರಣೆ ಕೊಟ್ಟ ಮಾತ್ರಕ್ಕೆ ಆ ಕಲ್ಪನೆಗಳು ಅಳಿಯುವುದಿಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದ ಮಗುವಿನಲ್ಲೂ ಅವು ಉಳಿದಿರಬಹುದು.

ಒಂದು ಪಾಠವನ್ನು ಹತ್ತಿರದಿಂದ ನೋಡೋಣ. ಬ್ಯಾಟರಿ, ಬಲ್ಬು ಮತ್ತು ತಂತಿಗಳ ಸರಳ ಮಂಡಲವನ್ನು ತೋರಿಸಿ, ಬಲ್ಬನ್ನು ದಾಟಿದ ಮೇಲೆ ವಿದ್ಯುತ್ ಪ್ರವಾಹ ಎಷ್ಟಿರುತ್ತದೆ ಎಂದು ಶಿಕ್ಷಕಿ ಕೇಳುತ್ತಾರೆ. ಬಲ್ಬು ಒಂದಷ್ಟನ್ನು ಬಳಸಿಕೊಂಡಿರುವುದರಿಂದ ಕಡಿಮೆಯಾಗುತ್ತದೆ ಎಂದು ಬಹಳಷ್ಟು ಮಕ್ಕಳು ಪುಟ್ಟ ಬಿಳಿ ಹಲಗೆಗಳ ಮೇಲೆ ಬರೆದು ಎತ್ತಿ ಹಿಡಿಯುತ್ತಾರೆ. ಶಿಕ್ಷಕಿ ಆಗಲೇ ತಿದ್ದುವುದಿಲ್ಲ. ಪಕ್ಕದವರೊಂದಿಗೆ ಚರ್ಚಿಸಲು ಬಿಟ್ಟು, ಬಲ್ಬಿನ ಎರಡೂ ಬದಿಗೆ ಅಮ್ಮೀಟರ್ ಜೋಡಿಸಿ, ಎರಡರಲ್ಲೂ ಒಂದೇ ಅಳತೆ ಬರುವುದನ್ನು ಕಾಣಿಸುತ್ತಾರೆ. ಹಾಗಾದರೆ ಬಲ್ಬು ಬೆಳಗುವುದು ಯಾವುದರಿಂದ ಎಂಬ ಪ್ರಶ್ನೆ ಹುಟ್ಟಿದಾಗ, ಗಂಟು ಹಾಕಿದ ಉದ್ದನೆಯ ಹಗ್ಗವೊಂದು ಹೊರಬರುತ್ತದೆ. ಮಕ್ಕಳು ವೃತ್ತವಾಗಿ ನಿಂತು ಅದನ್ನು ಸಡಿಲವಾಗಿ ಹಿಡಿಯುತ್ತಾರೆ, ಶಿಕ್ಷಕಿ ಎಳೆದು ಸುತ್ತಿಸುತ್ತಾರೆ, ಒಬ್ಬ ಹುಡುಗ ಮಾತ್ರ ಬಿಗಿಯಾಗಿ ಹಿಡಿಯುತ್ತಾನೆ. ಹಗ್ಗ ಎಲ್ಲೆಡೆ ಒಂದೇ ವೇಗದಲ್ಲಿ ಸಾಗಿದರೂ ಅವನ ಅಂಗೈ ಬಿಸಿಯಾಗುತ್ತದೆ. ಪ್ರವಾಹ ಖರ್ಚಾಗುವುದಿಲ್ಲ, ಶಕ್ತಿ ವರ್ಗಾವಣೆಯಾಗುತ್ತದೆ ಎಂಬುದನ್ನು ಮಕ್ಕಳು ಹೀಗೆ ಗ್ರಹಿಸುತ್ತಾರೆ. ಪುಸ್ತಕದಲ್ಲಿ ಅಂದಿನ ಬರಹ ನಾಲ್ಕು ಸಾಲಿರಬಹುದು. ಆ ನಾಲ್ಕು ಸಾಲಿನಿಂದ ಪಾಠದ ಬೆಲೆ ಕಟ್ಟಬಾರದು ಎಂದು ನಾನು ಒತ್ತಿ ಹೇಳುತ್ತೇನೆ.

ಮಗುವಿನ ತಿಳಿವಳಿಕೆಯನ್ನು ಪಾಠದ ನಡುವೆಯೇ ಅಳೆದು, ಅದಕ್ಕೆ ತಕ್ಕಂತೆ ಮುಂದಿನ ಹೆಜ್ಜೆಯನ್ನು ಬದಲಿಸುವ ಈ ಕ್ರಮಕ್ಕೆ, ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಂ 1998ರಲ್ಲಿ ಪ್ರಕಟಿಸಿದ, ಹಿಂದಿನ ಸಂಶೋಧನೆಗಳ ಸಮೀಕ್ಷೆ ಹೆಚ್ಚಿನ ಬಲ ನೀಡಿತು. ಯಾರ್ಕ್ ವಿಶ್ವವಿದ್ಯಾಲಯದ ವಿಜ್ಞಾನ ಶಿಕ್ಷಣ ತಂಡವು ಇಂತಹ ಪ್ರಶ್ನೆಗಳನ್ನು ರೂಪಿಸಿ ಶಿಕ್ಷಕರಿಗೆ ಉಚಿತವಾಗಿ ಒದಗಿಸುತ್ತದೆ. 2011ರಲ್ಲಿ ಸ್ಥಾಪನೆಯಾದ ಎಜುಕೇಶನ್ ಎಂಡೋಮೆಂಟ್ ಫೌಂಡೇಶನ್ ಬೋಧನಾ ವಿಧಾನಗಳನ್ನು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿ, ಫಲಿತಾಂಶ ಏನೇ ಬಂದರೂ ಪ್ರಕಟಿಸುತ್ತದೆ. ಮೈಕೆಲ್ ಶಾಯರ್ ಮತ್ತು ಫಿಲಿಪ್ ಏಡಿ 1980ರ ದಶಕದಲ್ಲಿ ರೂಪಿಸಿದ, ವಿಜ್ಞಾನದ ಮೂಲಕ ಚಿಂತನಾಶಕ್ತಿಯನ್ನು ಬೆಳೆಸುವ ಪಾಠಸರಣಿಯು ಮೊದಲ ಅಧ್ಯಯನಗಳಲ್ಲಿ ಗಮನಾರ್ಹ ಫಲ ತೋರಿತ್ತು. ಆದರೆ ಅದರ ಪರಿಷ್ಕೃತ ರೂಪವನ್ನು ಈ ಸಂಸ್ಥೆ ಪರೀಕ್ಷೆಗೊಡ್ಡಿದಾಗ ವಿಜ್ಞಾನದ ಕಲಿಕೆಯಲ್ಲಿ ಪ್ರಗತಿ ಕಾಣಲಿಲ್ಲ, ಆ ಫಲಿತಾಂಶವೂ ಹೊರಬಂತು. ಹೆಸರಾಂತ ವಿಧಾನವನ್ನೂ ಮತ್ತೆ ಒರೆಗೆ ಹಚ್ಚುವ ಈ ಧೈರ್ಯವೇ ನನ್ನ ದೃಷ್ಟಿಯಲ್ಲಿ ಇಲ್ಲಿನ ವ್ಯವಸ್ಥೆಯ ಅತ್ಯಂತ ಗೌರವಾರ್ಹ ಗುಣ.

ಶಿಕ್ಷಕರಾಗಲು ಪದವಿಯ ನಂತರ ಸಾಮಾನ್ಯವಾಗಿ ಒಂದು ವರ್ಷದ ಪಿಜಿಸಿಇ, ಅಂದರೆ ಶಿಕ್ಷಕ ತರಬೇತಿಯ ಸ್ನಾತಕೋತ್ತರ ಪ್ರಮಾಣಪತ್ರ ಕೋರ್ಸ್, ಮಾಡಬೇಕು. ಅದರಲ್ಲಿ ಕನಿಷ್ಠ 24 ವಾರ ಶಾಲೆಯಲ್ಲಿಯೇ, ಅನುಭವಿ ಮಾರ್ಗದರ್ಶಕರ ಕಣ್ಣೆದುರಿನಲ್ಲಿ ಕಳೆಯುತ್ತದೆ. ಕೆಲಸಕ್ಕೆ ಸೇರಿದ ಮೇಲೂ ಎರಡು ವರ್ಷ ಮಾರ್ಗದರ್ಶನ ಮುಂದುವರಿಯುತ್ತದೆ. ಕಲಿಯಲು ಸಮಯ ಸಿಗಲೆಂದು ಮೊದಲ ವರ್ಷ ಶೇ. 10ರಷ್ಟು, ಎರಡನೆಯ ವರ್ಷ ಶೇ. 5ರಷ್ಟು ಬೋಧನಾ ಹೊರೆಯನ್ನು ಇಳಿಸುತ್ತಾರೆ.

ಪರೀಕ್ಷೆಯ ವಿಷಯದಲ್ಲಿ ಒಂದು ಸಂಗತಿ ಗೊತ್ತಿರಲಿ. ಹದಿನಾರರ ಹರೆಯದಲ್ಲಿ ಬರೆಯುವ ಜಿಸಿಎಸ್ಇಯಲ್ಲಿ ಪ್ರಯೋಗಾಲಯದ ಕೆಲಸಕ್ಕೆ ಪ್ರತ್ಯೇಕ ಅಂಕಗಳಿಲ್ಲ, ಆದರೆ ಲಿಖಿತ ಪರೀಕ್ಷೆಯ ಕನಿಷ್ಠ ಶೇ. 15 ಅಂಕಗಳು ಪ್ರಯೋಗಗಳ ಕುರಿತ ಪ್ರಶ್ನೆಗಳಿಗೆ ಮೀಸಲು. ಮಗು ಪ್ರಯೋಗದ ದಿನ ಶಾಲೆ ತಪ್ಪಿಸಿಕೊಂಡಿದ್ದರೆ ಅದನ್ನು ಮತ್ತೆ ಮಾಡಿಸುವಂತೆ ಶಿಕ್ಷಕರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಇದ್ದರೂ ಭೌತಶಾಸ್ತ್ರ ಶಿಕ್ಷಕರ ಕೊರತೆ ತೀವ್ರವಾಗಿದೆ. 2023ರಲ್ಲಿ ಆ ವಿಷಯದ ತರಬೇತಿಗೆ ಸೇರಿದವರು ಸರ್ಕಾರದ ಗುರಿಯ ಐದನೇ ಒಂದು ಭಾಗವೂ ಆಗಲಿಲ್ಲ. ಹೀಗಾಗಿ ವಿಜ್ಞಾನ ಓದಿದ ನಮ್ಮವರಿಗೆ ಇಲ್ಲಿ ನಿಜವಾದ ಅವಕಾಶವಿದೆ. 2023ರ ಫೆಬ್ರವರಿಯಿಂದ, ಭಾರತದಲ್ಲಿ ತರಬೇತಿ ಪಡೆದ ವಿಜ್ಞಾನ, ಗಣಿತ ಮತ್ತು ಭಾಷಾ ಶಿಕ್ಷಕರು ಅರ್ಹ ಶಿಕ್ಷಕ ಸ್ಥಾನಮಾನಕ್ಕೆ, ಅಂದರೆ ಇಲ್ಲಿನವರು ಕ್ಯೂಟಿಎಸ್ ಎನ್ನುವುದಕ್ಕೆ, ನೇರವಾಗಿ ಅರ್ಜಿ ಹಾಕಬಹುದು. ಪದವಿ, ಬಿ.ಇಡಿ., ಕನಿಷ್ಠ ಒಂದು ಶೈಕ್ಷಣಿಕ ವರ್ಷದ ಬೋಧನಾನುಭವ ಮತ್ತು ಇಂಗ್ಲಿಷ್ ಭಾಷಾ ಸಾಮರ್ಥ್ಯದ ದಾಖಲೆಗಳು ಬೇಕು. ಊರಿನ ಶಾಲೆಯಿಂದ ಅನುಭವ ಪತ್ರ ತರಿಸಿಕೊಳ್ಳಲು ಸಮಯ ಹಿಡಿಯುವುದರಿಂದ ಆ ಕೆಲಸವನ್ನು ಮೊದಲೇ ಆರಂಭಿಸಿ. ಈ ಸ್ಥಾನಮಾನ ದೊರೆತ ಮಾತ್ರಕ್ಕೆ ವೀಸಾ ಸಿಗುವುದಿಲ್ಲ, ಅದರ ಹಾದಿ ಬೇರೆ.

ಬಿ.ಇಡಿ. ಇಲ್ಲದವರು, ಎಂಜಿನಿಯರಿಂಗ್ ಪದವೀಧರರೂ ಸೇರಿದಂತೆ, ಪಿಜಿಸಿಇ ಸೇರುವ ದಾರಿಯನ್ನು ನೋಡಬಹುದು. ಇಂಗ್ಲಿಷ್ ಮತ್ತು ಗಣಿತದಲ್ಲಿ ಜಿಸಿಎಸ್ಇಗೆ ಸಮನಾದ ಅರ್ಹತೆ ತೋರಿಸಬೇಕಾಗುತ್ತದೆ. ಅರ್ಜಿಗೆ ಮೊದಲು ಹತ್ತಿರದ ಶಾಲೆಯೊಂದಕ್ಕೆ ಪತ್ರ ಬರೆದು, ಕೆಲವು ದಿನ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತು ಪಾಠ ನೋಡಲು ಅನುಮತಿ ಕೇಳಿ. ಸಂದರ್ಶನದಲ್ಲಿ ಅಲ್ಲಿ ಕಂಡದ್ದರ ಬಗ್ಗೆ ಪ್ರಶ್ನೆ ಬರುವ ಸಂಭವವೂ ಹೆಚ್ಚು.